ಪಥ್ಯ ಬಿಟ್ಟ ದಿನ

"ಎರಡು ಮಸಾಲೆ, ಒಂದು ಖಾರಾಬಾತು, ಒಂದು ಕೇಸರಿಬಾತು. ಚಟ್ನಿ ಕಂಜೂಸ್ ಮಾಡ್ಬೇಡಿ ಅಂತ ಒಳಗೆ ಹೇಳಪ್ಪ!"

ದರ್ಶಿನಿಯ ಕೌಂಟರಿನ ಮುಂದೆ ಗವಿರಂಗಪ್ಪ ಕೂಗಿದ ಕೂಗಿಗೆ ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜೀವಮಾನವೆಲ್ಲ ಸಿಟಿ ಬಸ್ಸಿನಲ್ಲಿ "ಒಳಗ್ ಹೋಗಿ, ಒಳಗ್ ಹೋಗಿ" ಎಂದು ಕಿರುಚಿದ ಕಂಡಕ್ಟರನ ಗಂಟಲು ಅದು. ಕಿಡ್ನಿ ಎರಡೂ ಹೋದರೂ ಗಂಟಲು ಹೋಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಜಯಶೀಲ ಟೋಕನ್ ಈಸಿಕೊಂಡಳು.

ಸ್ವಲ್ಪ ಹೊತ್ತಿನ ಹಿಂದೆ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಭುಜ ತಟ್ಟಿ, "ಇನ್ಮೇಲೆ ಡಯಾಲಿಸಿಸ್ಸಿಗೆ ಬರೋದ್ ಬೇಡ. ಪಥ್ಯಾನೂ ಬೇಡ. ಬಾಯಿಗೆ ರುಚಿಯಾಗಿದ್ದು ತಿನ್ನಿ" ಅಂದಿದ್ದರು. ಅದಕ್ಕೂ ಮೊದಲು ಜಯಶೀಲಳೊಬ್ಬಳನ್ನೇ ಒಳಗೆ ಕರೆದು ಅಂದ ಮಾತೇ ಬೇರೆ: "ಹೃದಯ ತಡ್ಕೊಳ್ತಿಲ್ಲಮ್ಮ. ಮತ್ತೆ ಮೆಷೀನಿಗೆ ಹಾಕಿದ್ರೆ ಅಲ್ಲೇ ಹೋಗ್ಬಿಡ್ತಾರೆ. ಹೆಚ್ಚು ದಿನ ಇಲ್ಲ. ಆಸೆಪಟ್ಟಿದ್ದು ಕೊಡಿ." ಅವಳು ತಲೆಯಾಡಿಸಿ ಹೊರಗೆ ಬಂದಿದ್ದಳು. ಆ ಮಾತನ್ನು ಗಂಡನಿಗೆ ಹೇಳುವ ನಾಲಿಗೆ ಯಾವ ಹೆಂಡತಿಗಿದ್ದೀತು? ಅವನೋ, ಆಸ್ಪತ್ರೆಯ ಗೇಟು ದಾಟಿದ್ದೇ ತಡ, "ನಡಿಯೇ, ದೋಸೆ ತಿನ್ನೋಣ" ಎಂದು ಊದಿದ ಕಾಲನ್ನು ಎಳೆದುಕೊಂಡು ರಸ್ತೆ ದಾಟಿಬಿಟ್ಟಿದ್ದ.

ನಾಲ್ಕು ವರ್ಷ ಅವಳು ಆ ಮನುಷ್ಯನ ಬಾಯಿಗೆ ಕಾವಲು ಕಾದಿದ್ದಳು. ತರಕಾರಿ ನೆನೆಹಾಕಿ, ಬೇಯಿಸಿ, ಬಸಿದು, ಸತ್ವವನ್ನೆಲ್ಲ ಮೋರಿಗೆ ಚೆಲ್ಲಿ, ಉಳಿದ ಸಪ್ಪೆಯನ್ನು ಬಡಿಸಬೇಕು. ಟೊಮೆಟೊ ಬೇಡ, ತೆಂಗಿನಕಾಯಿ ಬೇಡ, ಎಳನೀರಂತೂ ಬೇಡವೇ ಬೇಡ. ಅವನಿಗಿಲ್ಲದ್ದು ತನಗ್ಯಾಕೆ ಎಂದು ಅವಳೂ ಅದನ್ನೇ ಉಂಡಳು. ಎಲ್ಲಕ್ಕಿಂತ ಘೋರವೆಂದರೆ ನೀರು. ಬೆಳಿಗ್ಗೆ ಬಾಟಲಿಯಲ್ಲಿ ಅಳೆದಿಟ್ಟಷ್ಟೇ, ರಾತ್ರಿಯವರೆಗೂ ಅಷ್ಟೇ. ಬೇಸಿಗೆಯಲ್ಲಿ ಮುಖ ತೊಳೆಯುವ ನೆಪದಲ್ಲಿ ನೀರು ಕುಡಿದುಬಿಡುತ್ತಾನೆಂದು ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. "ನೀನು ಹೆಂಡ್ತಿ ಅಲ್ಲ ಕಣೇ, ಚೆಕಿಂಗ್ ಇನ್ಸ್‌ಪೆಕ್ಟರು" ಎಂದು ಅವನು ಒಳಗಿಂದಲೇ ಬೈಯುತ್ತಿದ್ದ.

ನಿಂತು ತಿನ್ನುವ ಮೇಜಿಗೆ ಮೊಣಕೈಯೂರಿ ಗವಿರಂಗಪ್ಪ ದೋಸೆ ಮುರಿದ. ಎದುರಿಗೆ ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡ ಒಬ್ಬ ಇಡ್ಲಿ ತಿನ್ನುತ್ತಿದ್ದ. ಮಾತಿಗೆ ಅಷ್ಟೇ ಸಾಕಾಯಿತು.

"ನಾಲ್ಕ್ ವರ್ಷ ಆಗಿತ್ತು ಸ್ವಾಮಿ, ಮಸಾಲೆ ದೋಸೆ ಮುಖ ನೋಡಿ. ಕಿಡ್ನಿ ಕೈಕೊಟ್ಟಿತ್ತು. ಇವತ್ತು ಡಾಕ್ಟ್ರು ಪಥ್ಯ ಎಲ್ಲಾ ಬಿಡಿಸ್ಬಿಟ್ರು!"

"ಒಳ್ಳೇದಾಯ್ತಲ್ಲ ಸಾರ್. ಬೇರೆ ಕಿಡ್ನಿ ಹಾಕಿಸ್ಕೊಂಡ್ರಾ?"

"ಅಯ್ಯೋ, ಏನೂ ಹಾಕ್ಸಿಲ್ಲ. ಡಯಾಲಿಸಿಸ್ಸೂ ಬೇಡ ಅಂದ್ರು. ತಾನಾಗೇ ಸರಿಹೋಗಿರ್ಬೇಕು. ಏನ್ ಬೇಕಾದ್ರೂ ತಿನ್ನಿ ಅಂದ್ರು."

ಹೆಲ್ಮೆಟ್ಟಿನವನ ಚಮಚ ಅಲ್ಲೇ ನಿಂತಿತು. ಅವನು ಒಂದು ಸಲ ಜಯಶೀಲಳ ಮುಖ ನೋಡಿದ. ಅವಳು ಕಣ್ಣು ತಪ್ಪಿಸಿದಳು. "ತಿನ್ನಿ ಸಾರ್, ನಿಧಾನಕ್ಕೆ ತಿನ್ನಿ" ಎಂದು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗಿಬಿಟ್ಟ.

"ನಮ್ಗೆ ಜಾಗ ಬಿಟ್ಕೊಟ್ಟ ನೋಡು, ಪುಣ್ಯಾತ್ಮ" ಎಂದು ಗವಿರಂಗಪ್ಪ ನಕ್ಕ. ನಗು ಮೊದಲಿನಷ್ಟು ಜೋರಾಗಿರಲಿಲ್ಲ. ಹೆಂಡತಿಯ ತಟ್ಟೆ ನೋಡಿದ. ಅವಳು ದೋಸೆ ಮುಟ್ಟಿರಲಿಲ್ಲ. ಅವನು ಏನೋ ಯೋಚಿಸುತ್ತ ಮೂಲೆಯ ನಲ್ಲಿಗೆ ಹೋಗಿ ಎರಡು ಸ್ಟೀಲ್ ಲೋಟಗಳ ತುಂಬ ನೀರು ಹಿಡಿದು ತಂದ.

ಮೊದಲ ಲೋಟವನ್ನು ಕಣ್ಣು ಮುಚ್ಚಿಕೊಂಡು ಗಟಗಟನೆ ಎತ್ತಿ ಕುಡಿದ. ನೀರು ಗದ್ದದಿಂದಿಳಿದು ಕಾಲರು ಒದ್ದೆಯಾಯಿತು. ಜಯಶೀಲಳ ಕೈ ಅಭ್ಯಾಸಬಲದಿಂದ ಲೋಟ ಕಿತ್ತುಕೊಳ್ಳಲು ಮೇಲೆದ್ದಿತು, ಅರ್ಧ ದಾರಿಯಲ್ಲಿ ತಿರುಗಿ ಸೆರಗು ಸರಿಮಾಡಿಕೊಂಡಿತು. ಕುಡೀಲಿ ದೇವರೇ, ಹೊಟ್ಟೆ ತುಂಬ ಕುಡೀಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಕಣ್ಣು ಬಿಟ್ಟ ಗವಿರಂಗಪ್ಪ ಹಿಂದಕ್ಕೆ ಹೋದ ಆ ಕೈಯನ್ನು ನೋಡಿಬಿಟ್ಟ.

ಎರಡನೆಯ ಲೋಟವನ್ನು ತುಟಿಯ ಹತ್ತಿರ ತಂದು ನಿಲ್ಲಿಸಿದ.

"ಏನೇ, ಇದು ಎರಡನೇದು."

"ಹೂಂ."

"ಭರ್ತಿ ಇದೆ ಲೋಟ."

"ನೋಡ್ದೆ."

"ಬೇಡ ಅನ್ನಲ್ವೇನೇ?"

ಒಳಗೆ ಕಾವಲಿಯ ಮೇಲೆ ಹಿಟ್ಟು ಚೊಯ್ ಎನ್ನುತ್ತಿತ್ತು. ತಟ್ಟೆ ಹಿಡಿದ ಇಬ್ಬರು ಇವರ ಮೇಜು ಯಾವಾಗ ಖಾಲಿಯಾಗುತ್ತದೋ ಎಂದು ಕಾಯುತ್ತ ನಿಂತಿದ್ದರು. ಗವಿರಂಗಪ್ಪ ಲೋಟವನ್ನು ಒಂದು ಹನಿಯೂ ಚೆಲ್ಲದ ಹಾಗೆ ಮೇಜಿನ ಮೇಲಿಟ್ಟ. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುತ್ತಿದ್ದ ಆ ಗಂಟಲು ಈಗ ಅವಳೊಬ್ಬಳಿಗೆ ಮಾತ್ರ ಕೇಳಿಸಿತು.

"ಜಯಾ, ಒಂದ್ಸಲ ಬೇಡ ಅನ್ನೇ. ಬೈಯೇ ಒಂದ್ಸಲ."

ಅವಳು ಬಾಯಿ ತೆರೆದಳು. ಇಷ್ಟು ವರ್ಷ ನಿದ್ದೆಗಣ್ಣಲ್ಲೂ ಬರುತ್ತಿದ್ದ ಮಾತು ಹೊರಗೆ ಬರಲೊಲ್ಲದಾಯಿತು. ತನ್ನ ದೋಸೆಯ ಗರಿಗರಿ ಅಂಚು ಮುರಿದು, ಪಲ್ಯ ಸೇರಿಸಿ, ಚಟ್ನಿಯಲ್ಲಿ ಅದ್ದಿ ಅವನ ತಟ್ಟೆಗಿಟ್ಟಳು.

"ಆರೋಗತ್ತೆ ರೀ, ತಿನ್ನಿ" ಅಂದಳು.