ಹುಳದ ಮನೆಯ ಹೊಸ್ತಿಲು

ಸಂಘಮಿತ್ರಳ ಬಳಿ ಸಾಕ್ಷಿ ಇರಲಿಲ್ಲ. ಅಮೆರಿಕದ ಕಪ್ಪು ಜನ ಹತ್ತಿಹೊಲ ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ಯಾಕೆ ಹೋದರು ಅನ್ನುವುದಕ್ಕೆ ಹಾಸ್ಟೆಲ್ ಲೈಬ್ರರಿಯಲ್ಲೇ ಪುಸ್ತಕಗಳಿದ್ದವು. ತನ್ನ ಕೇರಿಯವರು ಜಂಗಮಕೋಟೆ ಕಡೆಯ ಹಳ್ಳಿ ಬಿಟ್ಟು ಕುಡುಮಲಕುಂಟೆಯ ಕಾರ್ಖಾನೆಗಳಿಗೆ ಯಾಕೆ ಬಂದರು ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಎರಡನ್ನೂ ಹೋಲಿಸುವ ಅವಳ ಸಂಶೋಧನಾ ಪ್ರಸ್ತಾವ ಸೋಮವಾರ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. "ಊರು ಬಿಟ್ಟವರೊಬ್ಬರ ಮಾತಾದರೂ ರೆಕಾರ್ಡ್ ಆಗಿರಬೇಕು. ಇಲ್ಲದಿದ್ದರೆ ಇದು ನಿನ್ನ ಊಹೆ ಅಷ್ಟೆ, ಕಳಿಸಬೇಡ" ಎಂದಿದ್ದರು ಅವಳಿಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ.

ಭಾನುವಾರ ಅವಳು ಅಜ್ಜಿ ಮುನಿಶಾಮಮ್ಮನನ್ನು ಆ ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲೇ ನಿಂತರೆ ಹಳೆಯದೆಲ್ಲ ನೆನಪಾಗುತ್ತದೆ ಎಂದುಕೊಂಡಿದ್ದಳು. ಬಸ್ಸಿಳಿಯುತ್ತಲೇ ಹಿಪ್ಪುನೇರಳೆ ತೋಟದ ಒಡೆಯ ವೆಂಕಟರವಣಪ್ಪ ಎದುರಾಗಿ ಮನೆಗೆ ಕರೆದ, ಎರಡು ಕುರ್ಚಿ ಹಾಕಿಸಿದ. ಅಜ್ಜಿ ಮೆಟ್ಟಿಲ ಮೇಲೆ ಕೂತಳು. ಕೇರಿಯವರು ಊರು ಬಿಟ್ಟಿದ್ದರ ಬಗ್ಗೆ ಬರೆದು ಅಮೆರಿಕಕ್ಕೆ ಕಳಿಸಬೇಕು ಎಂದು ಹೇಳಿ ಸಂಘಮಿತ್ರ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ನಡುವೆ ಇಟ್ಟಳು.

"ಇವರನ್ನ ಯಾರೂ ಓಡ್ಸಿಲ್ಲ ಕಣಮ್ಮ. ಅಲ್ಲಿ ಕೂಲಿ ಜಾಸ್ತಿ, ಹೋದ್ರು. ಸಾಮಾನು ಸಾಗ್ಸೋಕೆ ನಾನೇ ಟ್ರ್ಯಾಕ್ಟರ್ ಕೊಟ್ಟೆ. ಅಲ್ವೇನೇ ಮುನಿಶಾಮಿ?"

"ಹೌದು ಸ್ವಾಮಿ. ನಮ್ಮಿಷ್ಟದಿಂದ್ಲೇ ಹೋಗಿದ್ದು."

"ಇದನ್ನ ಅಮೆರಿಕದೋರು ಓದ್ತಾರಾ? ಹಂಗಾದ್ರೆ ನನ್ನ ಹೆಸರೂ ಹಾಕಮ್ಮ."

ವಾಪಸ್ ಬಸ್ಸಿಗೆ ಕಾಯುವಾಗ ಸಂಘಮಿತ್ರ ಕೇಳಿದಳು: "ನಿಜಾನಾ ಅವ್ವ?"

"ಫೋನು ಆಫ್ ಮಾಡು."

ಮಾಡಿದಳು.

"ನಾವು ಸೊಪ್ಪಿನ ಮೂಟೆ ರೇಷ್ಮೆ ಹುಳದ ಮನೆ ಹೊಸ್ತಿಲ ಹೊರಗೇ ಇಟ್ಟು ಬರ್ಬೇಕಿತ್ತು. ಒಳಕ್ಕೆ ಕಾಲಿಡಂಗಿಲ್ಲ. ಅವತ್ತು ಮಳೆ ಬಂತು. ನೆಂದ ಸೊಪ್ಪು ತಿಂದ್ರೆ ಹುಳ ಕೆಡ್ತವೆ ಅಂತ ನಾನೇ ಒಳಗಿಟ್ಟೆ. ವಾರಕ್ಕೆ ಸುಣ್ಣಕಟ್ಟು ರೋಗ ಬಂದು ಹುಳ ಎಲ್ಲ ಬೆಳ್ಳಗೆ ಬಿಗಿದು ಸತ್ವು. ನನ್ನಿಂದ ಮೈಲಿಗೆ ಆಯ್ತು ಅಂದ್ರು. ಕೂಲಿಗೆ ಕರೀಲಿಲ್ಲ, ಅಂಗಡೀಲಿ ಉಪ್ಪೂ ಕೊಡ್ಲಿಲ್ಲ. ಆಮೇಲೆ ಟ್ರ್ಯಾಕ್ಟರ್ ತಂದು ನಿಲ್ಸಿದ್ರು."

"ಇಷ್ಟನ್ನೇ ಇನ್ನೊಂದ್ಸಲ ಹೇಳವ್ವ. ಯಾರ ಹೆಸರೂ ಹಾಕಲ್ಲ."

"ಹೆಸರು ಬೇರೆ ಬೇಕಾ ಅವರಿಗೆ? ನನ್ನ ತಂಗಿ ಒಬ್ಬಳನ್ನ ಕೂಲಿಗೆ ಅಂತ ಉಳಿಸ್ಕೊಂಡ್ರು. ಅವಳ ಮಕ್ಕಳು ಇವತ್ತೂ ಅದೇ ತೋಟದಲ್ಲಿ ಸೊಪ್ಪು ಕುಯ್ತಾರೆ. ನೀನು ಅಮೆರಿಕಕ್ಕೆ ಹೋಗ್ತೀಯಮ್ಮ. ಅವರೆಲ್ಲಿಗೆ ಹೋಗ್ತಾರೆ?"

ಸೋಮವಾರ ಸಂಘಮಿತ್ರ ಫೋನಿನಲ್ಲಿದ್ದ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು. ವಲಸೆಗೆ ಕಾರಣ ಹೆಚ್ಚಿನ ಕೂಲಿ ಎಂದು ಬರೆದಳು. ಸ್ವಂತ ಇಚ್ಛೆ ಎಂದೂ ಸೇರಿಸಿದಳು. ಮೇಡಂ ಓದಿ, ಈಗ ಗಟ್ಟಿಯಾಯಿತು ಎಂದರು.

ಹುಳ ಸತ್ತ ಆ ಮಳೆಗಾಲ ಕೇರಿಯವರ ಕೈಬಿಟ್ಟು ಹೋದದ್ದು ಏಳು ಮನೆ, ಒಂದು ಬಾವಿ, ಸತ್ತವರನ್ನು ಹೂಳುತ್ತಿದ್ದ ಅರ್ಧ ಎಕರೆ.