ಅವಳ ಹೆಡ್‌ಫೋನಿನಲ್ಲಿ

ಹಾಡು ಮುಗಿಯುವ ಮೊದಲೇ ಹೆಂಡತಿ ಮತ್ತೆ ಗಾಜಿನ ಕಡೆ ನೋಡಿದಳು. ಗಾಜಿನಾಚೆ ಕೂತಿದ್ದ ಎಂಜಿನಿಯರ್, ಆ ಗುಂಗುರು ಕೂದಲಿನವನು, ಕೈಯೆತ್ತಿ ಏನೋ ಸನ್ನೆ ಮಾಡಿದ. ಇವಳು ತಲೆಯಾಡಿಸಿದಳು. ಪಕ್ಕದ ಮೈಕಿನ ಮುಂದೆ ಕೂತಿದ್ದ ಗಂಡನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ರೇಡಿಯೊದ ಬೆಳಗಿನ ಕಾರ್ಯಕ್ರಮವನ್ನು ಗಂಡ ಹೆಂಡತಿ ಜೋಡಿಯಾಗಿ ನಡೆಸಿಕೊಡುತ್ತಿದ್ದರು. ಕೇಳುವವರಿಗೆ ಇವರ ಜಗಳವೂ ಸಕ್ಕರೆ. ಆದರೆ ಹೆಡ್‌ಫೋನಿನ ದನಿ ಹೆಚ್ಚುಕಡಿಮೆ ಮಾಡುವ ಹೊಸ ಪೆಟ್ಟಿಗೆಗಳು ಬಂದಾಗಿನಿಂದ ಗಂಡನ ತಲೆಯಲ್ಲಿ ಹುಳ ಹೊಕ್ಕಿತ್ತು. ಇವನು ಮಾತಾಡುವಾಗ ಅವಳು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಮುಸಿಮುಸಿ ನಗುತ್ತಾಳೆ, ಹಾಡು ಶುರುವಾದರೆ ಸಾಕು, ಗಾಜಿನ ಕಡೆ ತಿರುಗುತ್ತಾಳೆ. ಎಂಜಿನಿಯರ್ ಅಲ್ಲಿಂದಲೇ ಹೆಡ್‌ಫೋನಿನೊಳಗೆ ಮಾತಾಡಬಲ್ಲ. ಅವಳ ಕಿವಿಯಲ್ಲಿ ಅವನು ಅದೇನು ಉಸುರುತ್ತಾನೋ!

"ಅಷ್ಟೊಂದು ನಗು ಯಾಕೆ?"

"ನಿಮ್ಮ ಮಾತಿಗೇ ಕಣ್ರೀ."

"ನನ್ನ ಮಾತಿಗೆ ಮನೇಲಿ ನಗದವಳು ಇಲ್ಲಿ ನಗ್ತೀಯಾ?"

"ಮನೇಲಿ ನೀವು ಮಾತಾಡೋದೆಲ್ಲಿ ಬಂತು? ಗೊಣಗ್ತೀರಿ ಅಷ್ಟೇ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೋದ ವಾರ ಅವನು ಹೆಂಡತಿಗೆ ಗೊತ್ತಾಗದ ಹಾಗೆ ಕೇಂದ್ರದ ಮುಖ್ಯಸ್ಥರ ಕೋಣೆಗೆ ಹೋಗಿ, "ಅವಳನ್ನ ಸಂಜೆ ಪಾಳಿಗೆ ಹಾಕಿ ಸಾರ್, ಒಟ್ಟಿಗೆ ಕೂತರೆ ಕೆಲಸ ಕೆಡುತ್ತೆ" ಎಂದು ಊದಿ ಬಂದಿದ್ದ. ನೋಡೋಣ ಅಂದಿದ್ದರು ಅವರು.

ಸುದ್ದಿಯ ಹೊತ್ತಾಯಿತು. ಅದನ್ನು ಓದುವವರು ಬೇರೆ ಕೋಣೆಯಲ್ಲಿ. ಇಲ್ಲಿಯ ಮೈಕುಗಳ ಮಾತು ಆಗ ಹೊರಗೆ ಹೋಗದು, ಹೆಡ್‌ಫೋನಿಗಷ್ಟೇ. ಮುಖ್ಯಸ್ಥರು ಬಾಗಿಲಲ್ಲಿ ಇಣುಕಿ ಹೆಂಡತಿಯನ್ನು ಕರೆದುಕೊಂಡು ಹೋದರು.

ಒಬ್ಬರ ಹೆಡ್‌ಫೋನನ್ನಾಗಲಿ ಪೆಟ್ಟಿಗೆಯನ್ನಾಗಲಿ ಇನ್ನೊಬ್ಬರು ಮುಟ್ಟುವ ರೂಢಿ ಅಲ್ಲಿಲ್ಲ. ಹಲ್ಲುಜ್ಜುವ ಬ್ರಷ್ ಇದ್ದ ಹಾಗೆ, ಅವರವರದು ಅವರವರಿಗೆ. ಆದರೆ ಹೊಟ್ಟೆಕಿಚ್ಚಿಗೆ ಯಾವ ರೂಢಿ? ಅವನು ಕೂತಲ್ಲಿಂದಲೇ ಅವಳ ಹೆಡ್‌ಫೋನ್ ಎಳೆದು ಹಾಕಿಕೊಂಡ. ಗಾಜಿನಾಚೆ ಗುಂಗುರು ಕೂದಲಿನವನ ತುಟಿ ಅಲ್ಲಾಡಿತು. ಏನೂ ಕೇಳಿಸಲಿಲ್ಲ.

"ಏನಂದ್ರಿ?" ಎಂದ, ತನ್ನ ಮೈಕಿನಲ್ಲಿ.

ಅವನದೇ ದನಿ ಎರಡೂ ಕಿವಿ ತುಂಬಿಕೊಂಡಿತು. ಉಸಿರು ಎಳೆದದ್ದೂ ಕೇಳಿಸಿತು. ಬಗ್ಗಿ ಪೆಟ್ಟಿಗೆ ನೋಡಿದ. ಹೆಸರಿನ ಚೀಟಿ ಅಂಟಿಸಿದ ಮೂರು ತಿರುಗುಗುಂಡಿ: ಅವಳ ದನಿಯದು ಅರ್ಧ, ಎಂಜಿನಿಯರನದು ಪೂರ್ತಿ ಬಂದ್, ಗಂಡನದು ಪೂರ್ತಿ ಜೋರಿಗೆ, ಕೊನೆ ಮುಟ್ಟುವವರೆಗೆ ತಿರುಗಿತ್ತು.

ಎಂಜಿನಿಯರ್ ಬಾಗಿಲು ತಳ್ಳಿಕೊಂಡು ಬಂದ. "ಅದರಲ್ಲಿ ನಾನು ಬರಲ್ಲ ಸಾರ್. ಈ ಪೆಟ್ಟಿಗೆ ಬಂದ ದಿನವೇ ಮೇಡಂ ನನ್ನ ಬಾಯಿ ಮುಚ್ಚಿಸಿದಾರೆ."

"ಯಾಕೆ?"

"ನಡುವೆ ನಾನು ಮಾತಾಡಿದ್ರೆ ನಿಮ್ಮ ಮಾತು ತಪ್ಪಿಹೋಗುತ್ತಂತೆ. ಪ್ರತಿಯೊಂದಕ್ಕೂ ಅವರು ಗಾಜಲ್ಲಿ ನನ್ನ ನೋಡ್ಬೇಕು, ನಾನು ಟ್ರಾಫಿಕ್ ಪೊಲೀಸಿನ ಥರ ಕೈಯಾಡಿಸ್ಬೇಕು. ಭುಜ ಬಿದ್ದುಹೋಯ್ತು ಸಾರ್!"

ಅಯ್ಯೋ ಮಂಕೇ, ಇಷ್ಟು ದಿನ ನೀನು ಹೊಟ್ಟೆ ಉರಿಸಿಕೊಂಡದ್ದು ನಿನ್ನ ಮೇಲೇ! ಅವನಿಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಮುಖ್ಯಸ್ಥರ ಕಾಲು ಹಿಡಿದಾದರೂ ಹೇಳಿದ್ದನ್ನು ವಾಪಸು ತಗೋಬೇಕು ಅಂತ ದಡಬಡ ಎದ್ದ. ಅಷ್ಟರಲ್ಲಿ ಹೆಂಡತಿ ಒಳಗೆ ಬಂದಳು. ಎಂಜಿನಿಯರ್ ಅವಳ ಮುಖ ನೋಡಿ ಸದ್ದಿಲ್ಲದೆ ತನ್ನ ಜಾಗಕ್ಕೆ ಹೋದ.

"ನಾಳೆಯಿಂದ ನಂಗೆ ಸಂಜೆ ಪಾಳಿಯಂತೆ," ಎಂದಳು. "ಕೇಳಿಕೊಂಡದ್ದು ನೀವಂತೆ."

"ಅದು... ನಾನು ಏನಂದ್ಕೊಂಡೆ ಅಂದ್ರೆ..."

"ಹೆಡ್‌ಫೋನ್ ಕೊಡಿ. ಸುದ್ದಿ ಮುಗೀತು."

ಹಾಕಿಕೊಂಡಳು. ಎಂಜಿನಿಯರನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಗಂಡನದನ್ನು ಹಿಂದಕ್ಕೆ ತಿರುಗಿಸುತ್ತ ಹೋಗಿ ಬಂದ್ ಮಾಡಿದಳು. ಪ್ರಸಾರದ ಕೆಂಪು ದೀಪ ಹೊತ್ತಿತು.

ಅವನು ಕೂಡಿಟ್ಟುಕೊಂಡಿದ್ದ ಅತ್ಯುತ್ತಮ ಜೋಕು ಹೇಳಿದ. ಗಾಜಿನಾಚೆ ಎಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕಾರ್ಯಕ್ರಮ ಮುಗಿಯುವವರೆಗೆ ಹೆಂಡತಿ ಒಂದೇ ಒಂದು ಸಲವೂ ಗಾಜಿನ ಕಡೆ ನೋಡಲಿಲ್ಲ.