ಅಳತೆಗೆ ಸರಿಯಾದ ಅಂಗಿ

ಚಿಕ್ಕ ಕತ್ತರಿ ಮತ್ತೆ ಕಾಣೆಯಾಗಿತ್ತು.

ಹೆಂಡತಿ ಹೊಲಿಗೆ ಮೆಷಿನ್ನಿನ ಖಾನೆಯನ್ನೆಲ್ಲ ಜಾಲಾಡಿದಳು. "ಕ್ಯಾನ್ಸರ್ ಬರೀ ಮೈಯನ್ನಲ್ಲಮ್ಮ, ಮನಸ್ಸನ್ನೂ ತಿನ್ನುತ್ತೆ. ಹರಿತವಾದದ್ದು ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ," ಎಂದಿದ್ದರು ಡಾಕ್ಟರು. ದರ್ಜಿಯ ಮನೆಯಲ್ಲಿ ಏನೇನು ಅಂತ ಬಚ್ಚಿಡುವುದು?

ಊರಿಗೆಲ್ಲ ಟೈಲರ್ ಮಾಸ್ಟರ್ ಎನಿಸಿಕೊಂಡಿದ್ದ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಎಷ್ಟು ಮಲಗಿದರೂ ತೀರದ ಸುಸ್ತು. ನೀರಿನ ಲೋಟ ಎತ್ತಿದರೂ ಕೈ ನಡುಗುತ್ತಿತ್ತು.

"ರೀ, ಏಳ್ರೀ. ಇವತ್ತು ಆಸ್ಪತ್ರೆ."

"ನೀನೇ ಹೋಗಿ ಬಾರೇ. ನಾನು ಚೆನ್ನಾಗಿದೀನಿ ಅಂತ ಹೇಳು."

"ಹೇಳ್ತೀನಿ. ಸೂಜಿನೂ ನಾನೇ ಚುಚ್ಚಿಸ್ಕೊಂಡು ಬರ್ತೀನಿ."

ಮೊದಲಾಗಿದ್ದರೆ ಇಂಥ ಮಾತಿಗೆ ಮೆಷಿನ್ ನಿಲ್ಲಿಸಿ ನಗುತ್ತಿದ್ದವನು. ಈಗ ನಗಲಿಲ್ಲ.

ಅವಳಿಗೆ ಉಳಿದಿದ್ದ ಧೈರ್ಯವೆಂದರೆ ಹಾಸಿಗೆಯ ತಲೆದೆಸೆಯಲ್ಲಿ ಮೊಳೆಗೆ ತೂಗುಹಾಕಿದ್ದ ಅವನ ನೀಲಿ ಅಂಗಿ. ಕಾಯಿಲೆ ಶುರುವಾದಾಗ ಅದು ಅವನ ಮೈಮೇಲೆ ಜೋಲಾಡತೊಡಗಿತ್ತು. ಮೈ ಸೊರಗುತ್ತಿರುವುದು ಅವನಿಗೆ ತಿಳಿಯಬಾರದೆಂದು, ಅವನಿಗೆ ಜೊಂಪು ಹತ್ತಿದಾಗಲೆಲ್ಲ ಅವಳು ಎರಡೂ ಪಕ್ಕ ಒಳಗೆ ಹಿಡಿದು, ತನಗೆ ಬಂದ ಹಾಗೆ ಕೈಹೊಲಿಗೆ ಹಾಕಿಬಿಡುತ್ತಿದ್ದಳು. ಈಚೆಗೆ ಆ ಕೆಲಸವೇ ಬಿದ್ದಿರಲಿಲ್ಲ. ಅಂಗಿ ಅಳತೆಗೆ ಸರಿಯಾಗಿ ಕೂರುತ್ತಿತ್ತು. ಮಾತ್ರೆಗಳಿಗೆ ಮುಖ ಊದಿಕೊಂಡಿತ್ತು. ಸ್ನಾನಕ್ಕೂ ಅವಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅಂಗಿಯೊಂದೇ ನಿಜ ಹೇಳುತ್ತಿದ್ದುದು: ಮೈ ಇಳಿಯುವುದು ನಿಂತಿದೆ. ಡಾಕ್ಟರಿಗೆ ಮೊದಲು ಇದನ್ನೇ ಹೇಳಬೇಕು.

ಬೆನ್ನಿಗೆ ಕೈಕೊಟ್ಟು ಎಬ್ಬಿಸಿದಳು. ದಿಂಬು ಸರಿಯಿತು. ಕೆಳಗೆ ಕತ್ತರಿ.

"ರೀ! ಇದೇನ್ರೀ ಇದು? ನನ್ನ ಬಿಟ್ಟು ಹೋಗೋ ಯೋಚನೆನಾ?"

"ಅದಕ್ಕೆಲ್ಲ ಶಕ್ತಿ ಎಲ್ಲಿದೆಯೇ, ಹುಚ್ಚಿ," ಎಂದ ಅವನು, ಕಣ್ಣು ತಪ್ಪಿಸಿ. "ಇದ್ದ ಚೂರುಪಾರೂ ನಿನಗೇ ಖರ್ಚಾಯ್ತು."

ಅವಳಿಗೆ ಅರ್ಥವಾಗಲಿಲ್ಲ. ಕತ್ತರಿ ಕಸಿದುಕೊಂಡಳು. ಅದರ ಬಾಯಲ್ಲಿ ನೀಲಿ ದಾರದ ತುಣುಕೊಂದು ಸಿಕ್ಕಿಕೊಂಡಿತ್ತು.

ಮೊಳೆಯಿಂದ ಅಂಗಿ ತೆಗೆದು ಒಳಮೈ ಹೊರಮಾಡಿದಳು. ಪಕ್ಕದಲ್ಲಿ ಅವಳದೇ ಸೊಟ್ಟ ಹೊಲಿಗೆ. ಅದರಿಂದ ಒಳಕ್ಕೆ ಇನ್ನೊಂದು ಸಾಲು, ಇನ್ನೂ ಒಳಕ್ಕೆ ಮತ್ತೊಂದು, ಮಗದೊಂದು. ಇರುವೆ ಹರಿದಂತೆ ಸಣ್ಣಗೆ, ನೇರವಾಗಿ. ಆ ಮನೆಯಲ್ಲಿ ಹಾಗೆ ಹೊಲಿಯುವ ಕೈ ಒಂದೇ.

ಕೊನೆಯ ಸಾಲು ಮಾತ್ರ ನಡುಗಿತ್ತು.